ಗಿರಣಿಯ ತುರ್ತು ದೀಪಕ್ಕೆ ಮೊಬೈಲ್ ನಿಯಂತ್ರಣ: ಮಂಡ್ಯ ಕಡೆ ಯಾರಾದರೂ ಮಾಡಿಸಿದ್ದೀರಾ?

ಭತ್ತದ ಮನೆ (ಶುಕ್ರವಾರ, ರಾತ್ರಿ 9:40)

ಮಂಡ್ಯದಿಂದ ಹತ್ತು ಕಿಲೋಮೀಟರ್ ಆಚೆ ನಮ್ಮದೊಂದು ಅಕ್ಕಿ ಗಿರಣಿ ಇದೆ. ಮಾವನವರು ಕಟ್ಟಿಸಿದ್ದು. ಅವರ ಮೊಣಕಾಲು ಕೈಕೊಟ್ಟ ಮೇಲೆ ಎರಡು ವರ್ಷದಿಂದ ನಾನೇ ನೋಡಿಕೊಳ್ಳುತ್ತಿದ್ದೇನೆ. ಮಕ್ಕಳ ಶಾಲೆಗಾಗಿ ಮನೆ ಮೈಸೂರಿನಲ್ಲಿ. ವಾರಕ್ಕೆ ನಾಲ್ಕು ದಿನ ಹೋಗಿ ಬರುತ್ತೇನೆ.

ಕಳೆದ ವಾರ ಸಂಜೆ ಗಾಳಿ ಮಳೆ ಶುರುವಾಗಿ ಏಳೂವರೆಗೆ ಕರೆಂಟು ಹೋಯಿತು. ಆ ಹೊತ್ತಿಗೆ ಲಾರಿಗೆ ಲೋಡು ಮಾಡುತ್ತಿದ್ದರು. ಹಮಾಲಿಯೊಬ್ಬರು ಹೆಗಲ ಮೇಲೆ ಮೂಟೆ ಹೊತ್ತು ಹಲಗೆಯ ನಟ್ಟನಡುವೆ ನಿಂತುಬಿಟ್ಟರು. ಮುಂದೆ ಹೆಜ್ಜೆ ಇಡುವಂತಿಲ್ಲ, ಹಿಂದೆ ತಿರುಗುವಂತಿಲ್ಲ. ಹಲಗೆಯ ಅಗಲ ಒಂದೂಕಾಲು ಅಡಿ. ಕೆಳಗಿದ್ದವರೊಬ್ಬರು ಮೊಬೈಲ್ ಟಾರ್ಚ್ ಹಚ್ಚಿ ಹಲ್ಲಿನಲ್ಲಿ ಕಚ್ಚಿಕೊಂಡು, ಎರಡೂ ಕೈ ಚಾಚಿ ಅವರನ್ನು ಇಳಿಸಿದರು. ಜನರೇಟರ್ ಹಾಕುವ ಹುಡುಗ ಟೀ ಕುಡಿಯಲು ಹೋಗಿದ್ದ. ದೀಪ ಬರಲು ಒಂಬತ್ತು ನಿಮಿಷವಾಯಿತು. ನಾನು ಅಲ್ಲೇ ಇದ್ದೆ, ಗಡಿಯಾರ ನೋಡಿಕೊಂಡೆ.

ಮಾರನೆಯ ದಿನವೇ ಅಂಗಡಿಯವರೊಬ್ಬರನ್ನು ಕರೆಸಿದೆ. 5 ಕೆವಿಎ ಇನ್ವರ್ಟರ್, 150 ಎಎಚ್‌ನ (ಆಂಪಿಯರ್-ಅವರ್, ಬ್ಯಾಟರಿ ಹಿಡಿಯುವ ಕರೆಂಟಿನ ಅಳತೆ) ನಾಲ್ಕು ಟ್ಯೂಬ್ಯುಲರ್ ಬ್ಯಾಟರಿ, ಗಿರಣಿಯ ಎತ್ತರದ ಛಾವಣಿಯ 24 ಹೈಬೇ ದೀಪವೂ ಉರಿಯುತ್ತವೆ, ಜೊತೆಗೆ ಒಂದು ಮೊಬೈಲ್ ಆ್ಯಪ್ ಎಂದು ಅಂದಾಜು ಪಟ್ಟಿ ಕೊಟ್ಟಿದ್ದಾರೆ. "ಮೈಸೂರಿನಲ್ಲಿ ಕುಳಿತು ಒಂದು ಸಲ ಒತ್ತಿದರೆ ಸಾಕು, ಇಲ್ಲಿ ದೀಪ ಹೊತ್ತುತ್ತದೆ" ಎನ್ನುತ್ತಾರೆ. ಕೇಳಲು ಚೆನ್ನಾಗಿದೆ. ಮೊತ್ತ ನೋಡಿ ಅನುಮಾನ ಬಂದಿದೆ. ತಿಳಿದವರು ಹೇಳಿ.

ತೂಬಿನಕೆರೆ ಶೆಡ್ (ಶುಕ್ರವಾರ, ರಾತ್ರಿ 10:05)

ಅಷ್ಟೆಲ್ಲ ಯಾಕೆ ಮೇಡಂ? ನಮ್ಮ ಶೆಡ್ಡಿನಲ್ಲಿ ಮನೆಯ ಇನ್ವರ್ಟರ್ ಒಂದನ್ನು ತಂದು, ಎರಡೂ ತುದಿಗೆ ಪ್ಲಗ್ ಇರುವ ವೈರ್ ಮಾಡಿಸಿದ್ದೇನೆ. ಕರೆಂಟು ಹೋದರೆ ಮೇನ್ ಕೆಳಗೆ ಮಾಡಿ ಯಾವುದಾದರೂ ಸಾಕೆಟ್ಟಿಗೆ ಚುಚ್ಚಿದರೆ ಆ ಲೈನಿನ ದೀಪವೆಲ್ಲ ಹತ್ತುತ್ತವೆ. ಮೂರು ವರ್ಷದಿಂದ ನಡೆಯುತ್ತಿದೆ.

ಕೂರ್ಗಳ್ಳಿ ಪ್ಯಾನಲ್ (ಶುಕ್ರವಾರ, ರಾತ್ರಿ 10:21)

ಶೆಡ್ ಅಣ್ಣ, ನಾಳೆ ಬೆಳಿಗ್ಗೆ ಎದ್ದವರೇ ಆ ವೈರನ್ನು ಕತ್ತರಿಸಿ ಬಿಸಾಡಿ. ಒಂದು ದಿನ ಯಾರೋ ಮೇನ್ ಕೆಳಗೆ ಮಾಡುವುದನ್ನು ಮರೆಯುತ್ತಾರೆ. ನಿಮ್ಮ ಇನ್ವರ್ಟರಿನ ಕರೆಂಟು ಮೀಟರ್ ದಾಟಿ ಹಿಂದಕ್ಕೆ ಹೋಗುತ್ತದೆ. ಲೈನ್ ಸತ್ತಿದೆ ಎಂದು ನಂಬಿ ಕಂಬ ಹತ್ತಿದ ಲೈನ್‌ಮನ್‌ಗೆ ಅದು ತಗಲುತ್ತದೆ. ಸಾಕೆಟ್ಟಿನಿಂದ ಕಿತ್ತ ಪ್ಲಗ್ಗಿನ ಪಿನ್ನು ಕೈಗೆ ತಾಗಿದರೆ ನಿಮಗೂ ಅಷ್ಟೇ. ಚೇಂಜ್‌ಓವರ್ ಸ್ವಿಚ್ಚು ಇರುವುದೇ ಎರಡು ಮೂಲಗಳು ಎಂದೂ ಒಂದಾಗಬಾರದು ಎಂಬ ಕಾರಣಕ್ಕೆ. ಈ ಕೆಲಸ ಮಾಡುವವರ ನಡುವೆ ಅಂಥ ವೈರಿಗೆ ಒಂದು ಹೆಸರಿದೆ, ಇಲ್ಲಿ ಬರೆಯುವುದಿಲ್ಲ.

ಮೇಡಂ, ನಿಮಗೆ ನಾಲ್ಕು ಪ್ರಶ್ನೆ. ಜನರೇಟರ್ ಎಷ್ಟು ಕೆವಿಎ, ತಾನೇ ಸ್ಟಾರ್ಟ್ ಆಗುವ ಎಎಂಎಫ್ ಪ್ಯಾನಲ್ ಇದೆಯೇ? ದೀಪದ ಲೈನುಗಳು ಎಷ್ಟು ಫೇಸಿನಲ್ಲಿವೆ? ಕುಚ್ಚಲು ಮಾಡುವ ಬಾಯ್ಲರ್ ಇದೆಯೇ? ಕತ್ತಲಾದಾಗ ಗಿರಣಿಯೊಳಗೆ ಎಷ್ಟು ಜನ ಇರುತ್ತಾರೆ, ಎಲ್ಲೆಲ್ಲಿ?

ಭತ್ತದ ಮನೆ (ಶನಿವಾರ, ಬೆಳಿಗ್ಗೆ 6:50)

ಜನರೇಟರ್ 62.5 ಕೆವಿಎ. ಎಎಂಎಫ್ ಇದೆ, ಆದರೆ ಸ್ವಿಚ್ಚು ಯಾವಾಗಲೂ ಮ್ಯಾನುಯಲ್‌ನಲ್ಲೇ ಇರುತ್ತದೆ. ಯಾಕೆಂದು ಕೇಳಿದರೆ "ಮೊದಲಿನಿಂದಲೂ ಹಾಗೇ" ಎಂಬ ಉತ್ತರ. ದೀಪಗಳು ಮೂರೂ ಫೇಸಿನಲ್ಲಿ ಹಂಚಿವೆ, ಎಲ್ಲವೂ 150 ವ್ಯಾಟಿನ ಎಲ್‌ಇಡಿ. ಹೊಟ್ಟು ಉರಿಸುವ ಬಾಯ್ಲರ್ ಇದೆ. ಸಂಜೆ ಪಾಳಿಯಲ್ಲಿ ಹನ್ನೊಂದು ಜನ: ಬಾಯ್ಲರ್ ಬಳಿ ಒಬ್ಬರು, ಮೇಲಿನ ಅಟ್ಟದಲ್ಲಿ ಪಾಲಿಶರ್ ನೋಡುವವರು ಇಬ್ಬರು, ಭತ್ತ ಮೇಲಕ್ಕೆತ್ತುವ ಎಲಿವೇಟರಿನ ಬುಡದ ಗುಂಡಿಯ (ಹಳ್ಳ) ಹತ್ತಿರ ಒಬ್ಬರು, ಉಳಿದವರು ಮೂಟೆ ಕಟ್ಟುವಲ್ಲಿ ಮತ್ತು ಗೋದಾಮಿನಲ್ಲಿ.

ಹಳೇ ಫೋರ್‌ಮನ್ (ಶನಿವಾರ, ಬೆಳಿಗ್ಗೆ 8:15)

ಮೂವತ್ತೊಂದು ವರ್ಷ ಸಕ್ಕರೆ ಕಾರ್ಖಾನೆಯೊಂದರ ವಿದ್ಯುತ್ ವಿಭಾಗದಲ್ಲಿ ಕೆಲಸ ಮಾಡಿ ನಿವೃತ್ತನಾದವನು ನಾನು. ತಾಯಿ, ನಿಮ್ಮ ಪಟ್ಟಿಯಲ್ಲಿ ಮೊದಲು ಕಣ್ಣಿಗೆ ಬಿದ್ದದ್ದು ಬಾಯ್ಲರ್.

ಕರೆಂಟು ಹೋದಾಗ ಗಿರಣಿಯ ಮಿಕ್ಕ ಯಂತ್ರಗಳೆಲ್ಲ ನಿಲ್ಲುತ್ತವೆ. ಬಾಯ್ಲರಿನ ಬೆಂಕಿ ನಿಲ್ಲುವುದಿಲ್ಲ. ಫ್ಯಾನ್ ನಿಂತಿತು, ನೀರು ಒತ್ತುವ ಪಂಪೂ ನಿಂತಿತು, ಆದರೆ ಕುಲುಮೆಯೊಳಗಿನ ಹೊಟ್ಟು ಉರಿಯುತ್ತಲೇ ಇರುತ್ತದೆ, ನೀರು ಹಬೆಯಾಗಿ ಇಳಿಯುತ್ತಲೇ ಇರುತ್ತದೆ. ಆಗ ಬಾಯ್ಲರ್ ನೋಡುವವನಿಗೆ ಬೇಕಾದ್ದು ಒಂದೇ: ನೀರಿನ ಮಟ್ಟ ತೋರಿಸುವ ಗಾಜಿನ ಕೊಳವೆ ಕಾಣಬೇಕು. ಬೆಂಕಿಯ ಬಾಗಿಲಿನ ಕೆಂಪು ಬೆಳಕಿನಲ್ಲಿ ಆ ಗಾಜಿನೊಳಗೆ ನೀರಿದೆಯೋ ಇಲ್ಲವೋ ಹೇಳಲಾಗದು. ಪೂರ್ತಿ ತುಂಬಿದ ಗಾಜೂ ಪೂರ್ತಿ ಖಾಲಿಯಾದ ಗಾಜೂ ಆಗ ಒಂದೇ ರೀತಿ ಕಾಣುತ್ತವೆ. ನಮ್ಮ ಕಾಲದಲ್ಲಿ ಆ ಗಾಜಿನ ಪಕ್ಕ ಮೊಳೆ ಹೊಡೆದು ಲಾಟೀನು ತೂಗುಹಾಕಿದ್ದೆವು. ಸಂಜೆ ಆರಕ್ಕೆ ಹಚ್ಚುವುದು, ಬೆಳಿಗ್ಗೆ ಆರಕ್ಕೆ ಆರಿಸುವುದು, ಕರೆಂಟು ಇರಲಿ ಬಿಡಲಿ.

ಆಗ ಮೇಲೆಲ್ಲ ಮರ್ಕ್ಯುರಿ ದೀಪಗಳು. ಅರೆಕ್ಷಣ ಕರೆಂಟು ಹೋಗಿ ಬಂದರೂ ಆ ದೀಪ ತಣ್ಣಗಾಗುವವರೆಗೆ ಮತ್ತೆ ಹೊತ್ತುತ್ತಿರಲಿಲ್ಲ, ಐದಾರು ನಿಮಿಷ ಕತ್ತಲೆ. ಆಮೇಲೆ ಬಂದ ಮೆಟಲ್ ಹ್ಯಾಲೈಡ್ ಇನ್ನೂ ಹಟಮಾರಿ, ಹತ್ತರಿಂದ ಇಪ್ಪತ್ತು ನಿಮಿಷ ಕಾಯಿಸುತ್ತಿತ್ತು. ಎಲ್‌ಇಡಿ ಬಂದು ಆ ಕಾಟ ತಪ್ಪಿದೆ. ಅದಕ್ಕೇ ಈಗ ಎಲ್ಲರಿಗೂ "ಜನರೇಟರ್ ಇದೆಯಲ್ಲ" ಎಂಬ ಧೈರ್ಯ. ಆಟೊದಲ್ಲಿದ್ದರೂ ಜನರೇಟರ್ ಎದ್ದು ಲೋಡ್ ಹಿಡಿಯಲು ಹತ್ತು ಹದಿನೈದು ಸೆಕೆಂಡು ಬೇಕು. ಹಲಗೆಯ ಮೇಲೆ ಮೂಟೆ ಹೊತ್ತು ನಿಂತವನಿಗೆ ಹದಿನೈದು ಸೆಕೆಂಡು ಎಷ್ಟೆಂದು ನಿಮಗೆ ನಾನು ಹೇಳಬೇಕಿಲ್ಲ. ಜನರೇಟರ್ ಏಳಲೇ ಇಲ್ಲವೆಂದರೆ? ಹೆಚ್ಚಿನ ಸಲ ಕೈಕೊಡುವುದು ಎಂಜಿನ್ ಅಲ್ಲ, ಅದನ್ನು ಸ್ಟಾರ್ಟ್ ಮಾಡುವ ಬ್ಯಾಟರಿ.

ಇನ್ನು ಆ ಮೊಬೈಲ್ ವಿಷಯ. ಕತ್ತಲಲ್ಲಿ ಹನ್ನೊಂದು ಜನ ನಿಂತಿರುವಾಗ ದೀಪವು ಮೈಸೂರಿನ ಅಪ್ಪಣೆಗೆ ಕಾಯಬೇಕೇ? ನೀವು ಸ್ಕೂಟರಿನಲ್ಲಿ ಹೋಗುತ್ತಿದ್ದರೆ, ಮಗುವಿಗೆ ಊಟ ಮಾಡಿಸುತ್ತಿದ್ದರೆ? ಹೊತ್ತಿಸಲು ಯಾರ ಕೈಯೂ ಬೇಡ. ರಿಮೋಟ್ ಇರಲಿ, ಆದರೆ ಬೇರೆ ಕೆಲಸಕ್ಕೆ.

ಬೆಳಕಿನ ಲೆಕ್ಕ (ಶನಿವಾರ, ಬೆಳಿಗ್ಗೆ 10:30)

ಫೋರ್‌ಮನ್ ಸರ್ ಹೇಳಿದ್ದಕ್ಕೆ ನನ್ನ ಲೆಕ್ಕ ಸೇರಿಸುತ್ತೇನೆ. ನಿಮ್ಮ 24 ದೀಪ ಉರಿಸಲು 3,600 ವ್ಯಾಟ್ ಬೇಕು. ಅಂಗಡಿಯವರ ಪಟ್ಟಿ ಅದಕ್ಕೆ ತಕ್ಕಂತೆ ಬೆಳೆದಿದೆ. ಆದರೆ ತುರ್ತು ದೀಪದ ಕೆಲಸ ಅಕ್ಕಿ ಮಾಡಿಸುವುದಲ್ಲ. ಜನ ಎಡವದೆ ಹೊರಗೆ ಬರಬೇಕು, ಅಪಾಯದ ಕೆಲಸವನ್ನು ಕೈಬಿಡದೆ ಮುಗಿಸಬೇಕು, ಅಷ್ಟೇ.

ನಮ್ಮ ರಾಷ್ಟ್ರೀಯ ಕಟ್ಟಡ ಸಂಹಿತೆಯ ಪ್ರಕಾರ ಹೊರಹೋಗುವ ದಾರಿಯ ನಡುಗೆರೆಯಲ್ಲಿ, ನೆಲದ ಮಟ್ಟದಲ್ಲಿ, ಕನಿಷ್ಠ 10 ಲಕ್ಸ್ (ಒಂದು ಜಾಗದ ಮೇಲೆ ಬೀಳುವ ಬೆಳಕಿನ ಅಳತೆ) ಬೆಳಕು ಇರಬೇಕು. ಮಾಮೂಲಿ ದೀಪ ಆರಿದ 1 ಸೆಕೆಂಡಿನೊಳಗೆ ಹೊತ್ತಬೇಕು. ಒಂದೂವರೆ ಗಂಟೆ ನಿಲ್ಲಬೇಕು. ಯುರೋಪಿನ ಮಾನದಂಡ ದಾರಿಗೆ 1 ಲಕ್ಸ್ ಸಾಕೆನ್ನುತ್ತದೆ, ಆದರೆ ಅಪಾಯದ ಕೆಲಸದ ಜಾಗಕ್ಕೆ ಮಾಮೂಲಿ ಬೆಳಕಿನ ಹತ್ತನೇ ಒಂದು ಭಾಗ, ಅದೂ 15 ಲಕ್ಸ್‌ಗಿಂತ ಕಡಿಮೆಯಾಗದಂತೆ ಕೇಳುತ್ತದೆ. ನಿಮ್ಮ ಬಾಯ್ಲರಿನ ಗಾಜು ಮತ್ತು ಎಲಿವೇಟರ್ ಗುಂಡಿ ಈ ಎರಡನೆಯ ಗುಂಪಿಗೆ ಸೇರಬೇಕು.

ಇದಕ್ಕೆ 20 ವ್ಯಾಟಿನ ಆರು ದೀಪ ಸಾಕು: ಬಾಯ್ಲರ್ ಗಾಜು, ಗುಂಡಿ, ಅಟ್ಟದ ಮೆಟ್ಟಿಲು, ಪ್ಯಾನಲ್ ಬೋರ್ಡ್, ಮೂಟೆ ಕಟ್ಟುವ ಜಾಗ, ಲೋಡಿಂಗ್ ಬಾಗಿಲು. ಒಟ್ಟು 120 ವ್ಯಾಟ್. ಒಂದೂವರೆ ಗಂಟೆಗೆ 180 ವ್ಯಾಟ್-ಅವರ್. ಬ್ಯಾಟರಿಯನ್ನು ನೂರಕ್ಕೆ ಎಂಬತ್ತರಷ್ಟೇ ಬಳಸುವುದಾದರೆ 225. ವಯಸ್ಸಾದ ಮೇಲೂ ಸಾಲಬೇಕೆಂದು ಕಾಲುಪಾಲು ಸೇರಿಸಿದರೆ 281. 24 ವೋಲ್ಟಿನಲ್ಲಿ ಅದು ಸುಮಾರು 11.7 ಎಎಚ್. ಬ್ಯಾಟರಿಯ ಮೇಲೆ ಬರೆದಿರುವ ಎಎಚ್ ಇಪ್ಪತ್ತು ಗಂಟೆ ನಿಧಾನವಾಗಿ ಹೀರಿದಾಗ ಸಿಗುವ ಅಳತೆ. ಒಂದೂವರೆ ಗಂಟೆಯಲ್ಲಿ ಹೀರಿದರೆ ಮೂರನೇ ಎರಡು ಭಾಗದಷ್ಟು ಕೈಗೆ ಬರುತ್ತದೆ. ಹಾಗಾಗಿ 18 ಎಎಚ್. ತಗಡಿನ ಶೆಡ್ಡಿನ ಬಿಸಿಗೆ ಒಂದು ಮೆಟ್ಟಿಲು ಮೇಲೆ ಹೋಗಿ 26 ಎಎಚ್‌ನ ಎರಡು ಸೀಲ್ಡ್ (ನೀರು ತುಂಬಿಸಬೇಕಿಲ್ಲದ, ಮುಚ್ಚಿದ) ಬ್ಯಾಟರಿ ತೆಗೆದುಕೊಳ್ಳಿ. ಸಿಮೆಂಟ್ ಮೂಟೆಯಂಥ ನಾಲ್ಕು ಟ್ಯೂಬ್ಯುಲರ್ ಬ್ಯಾಟರಿ ಬೇಡ.

ಭತ್ತದ ಮನೆ (ಶನಿವಾರ, ಬೆಳಿಗ್ಗೆ 10:44)

ಎರಡೇ? ಇನ್ವರ್ಟರೇ ಬೇಡವೇ?

ಬೆಳಕಿನ ಲೆಕ್ಕ (ಶನಿವಾರ, ಬೆಳಿಗ್ಗೆ 10:51)

ಬೇಡ. 24 ವೋಲ್ಟ್ ಡಿಸಿಯಲ್ಲೇ (ಬ್ಯಾಟರಿ ಕೊಡುವ ಏಕಮುಖ ಕರೆಂಟು) ಉರಿಯುವ ಎಲ್‌ಇಡಿ ಸಿಗುತ್ತವೆ. ಡಿಸಿಯನ್ನು ಇನ್ವರ್ಟರಿನಲ್ಲಿ ಎಸಿ (ಲೈನಿನಲ್ಲಿ ಬರುವಂಥ ಕರೆಂಟು) ಮಾಡಿ, ಅದನ್ನು ದೀಪದೊಳಗಿನ ಡ್ರೈವರ್ ಮತ್ತೆ ಡಿಸಿ ಮಾಡುವುದು, ಈ ನಡುವಿನ ಕೆಲಸವೆಲ್ಲ ನಷ್ಟ. ಕೆಡಲು ಒಂದು ಪೆಟ್ಟಿಗೆಯೂ ಕಡಿಮೆ.

ಸಿಗ್ನಲ್ ಸಿಗದವ (ಶನಿವಾರ, ಮಧ್ಯಾಹ್ನ 1:20)

ರಿಮೋಟ್ ಭಾಗ ನನಗೆ ಬಿಡಿ. ಇಎಸ್‌ಪಿ ಬೋರ್ಡ್ (ವೈಫೈ ಇರುವ ಪುಟ್ಟ ಕಂಪ್ಯೂಟರ್) ಒಂದು, ವೋಲ್ಟೇಜ್ ಸೆನ್ಸರ್ ಒಂದು, ರಿಲೇ (ಕರೆಂಟು ಕೊಟ್ಟರೆ ತಾನೇ ಎಳೆಯುವ ಸ್ವಿಚ್ಚು) ಒಂದು. ಕರೆಂಟು ಹೋದದ್ದನ್ನು ಬೋರ್ಡ್ ಗುರುತಿಸುತ್ತದೆ, ರಿಲೇ ಎಳೆಯುತ್ತದೆ, ದೀಪ ಹೊತ್ತುತ್ತವೆ, ನಿಮ್ಮ ಮೊಬೈಲಿಗೆ ಸಂದೇಶ ಬರುತ್ತದೆ. ಎಲ್ಲ ಸೇರಿ ಎರಡು ಸಾವಿರ ರೂಪಾಯಿಯೊಳಗೆ ಮಾಡಿಕೊಡಬಲ್ಲೆ. ಹಿನಕಲ್‌ನಲ್ಲಿರುವ ನಮ್ಮ ಮನೆಯ ಟ್ಯಾಂಕಿನ ಮೋಟರು ಹೀಗೇ ನಡೆಯುತ್ತಿದೆ.

ಹಳೇ ಫೋರ್‌ಮನ್ (ಶನಿವಾರ, ಮಧ್ಯಾಹ್ನ 2:02)

ತಮ್ಮಾ, ನಿನ್ನ ಬೋರ್ಡ್ ಸತ್ತರೆ?

ಸಿಗ್ನಲ್ ಸಿಗದವ (ಶನಿವಾರ, ಮಧ್ಯಾಹ್ನ 2:06)

ಸಾಯುವುದಿಲ್ಲ ಸರ್. ಅದಕ್ಕೂ ಬ್ಯಾಟರಿಯಿಂದಲೇ ಕರೆಂಟು ಕೊಡುತ್ತೇನೆ.

ಹಳೇ ಫೋರ್‌ಮನ್ (ಶನಿವಾರ, ಮಧ್ಯಾಹ್ನ 2:19)

ಎಲ್ಲವೂ ಸಾಯುತ್ತವೆ. ಟ್ಯಾಂಕಿನ ಮೋಟರು ಒಂದು ದಿನ ನಿಂತರೆ ಸ್ನಾನ ತಡವಾಗುತ್ತದೆ. ಇಲ್ಲಿ ಹಾಗಲ್ಲ. ನೀನು ಹೇಳಿದ ವ್ಯವಸ್ಥೆಯಲ್ಲಿ ಬೋರ್ಡ್ ಚೆನ್ನಾಗಿದ್ದರೆ ಮಾತ್ರ ದೀಪ. ಸಿಡಿಲು ಬಡಿದು ಕರೆಂಟು ಹೋಯಿತು ಎಂದುಕೊ. ಅದೇ ಸಿಡಿಲಿಗೆ ನಿನ್ನ ಬೋರ್ಡೂ ಹೋಗಿರುತ್ತದೆ. ಯಾವ ಗಳಿಗೆಗೆಂದು ಅದನ್ನು ಇಟ್ಟೆಯೋ ಅದೇ ಗಳಿಗೆಯಲ್ಲಿ ಅದು ಇಲ್ಲ. ತಿರುಗಿಸಿ ಯೋಚಿಸು. ಬೋರ್ಡ್ ಚೆನ್ನಾಗಿದ್ದರೆ ಮಾತ್ರ ದೀಪವನ್ನು *ಆರಿಸಲು* ಆಗಬೇಕು. ಸತ್ತರೆ ಹೊತ್ತಲಿ.

ಕೂರ್ಗಳ್ಳಿ ಪ್ಯಾನಲ್ (ಶನಿವಾರ, ಸಂಜೆ 4:40)

ಫೋರ್‌ಮನ್ ಸರ್ ಮಾತನ್ನು ವೈರಿಂಗ್ ಮಾಡಿದರೆ ಹೀಗಾಗುತ್ತದೆ.

ದೀಪದ ಮೂರು ಲೈನಿಗೆ ಮೂರು ರಿಲೇ. ಪ್ರತಿ ರಿಲೇಯ ಕಾಯಿಲ್ಲಿಗೆ (ಸ್ವಿಚ್ಚನ್ನು ಎಳೆಯುವ ತಂತಿ ಸುರುಳಿ) ಆಯಾ ಫೇಸಿನಿಂದ ಕರೆಂಟು. ಕರೆಂಟು ಇರುವಷ್ಟು ಹೊತ್ತು ಕಾಯಿಲ್ ಎಳೆದುಕೊಂಡು ಎನ್‌ಸಿ ಕಾಂಟ್ಯಾಕ್ಟನ್ನು (ಕಾಯಿಲ್ ಎಳೆಯದಿದ್ದಾಗ ಮುಚ್ಚಿರುವ ಸಂಪರ್ಕ) ಬಿಡಿಸಿ ಇಟ್ಟಿರುತ್ತದೆ. ಹೋದ ಕೂಡಲೇ ಸ್ಪ್ರಿಂಗ್ ಅದನ್ನು ಮುಚ್ಚುತ್ತದೆ. ಮೂರು ಎನ್‌ಸಿ ಕಾಂಟ್ಯಾಕ್ಟುಗಳನ್ನು ಪ್ಯಾರಲಲ್ ಜೋಡಿಸಿ, ಬ್ಯಾಟರಿಯಿಂದ ಅವುಗಳ ಮೂಲಕ ದೀಪಕ್ಕೆ. ಯಾವ ಒಂದು ಫೇಸ್ ಹೋದರೂ ಆರೂ ದೀಪ ಹೊತ್ತುತ್ತವೆ. ಇದರಲ್ಲಿ ಬೋರ್ಡಿಲ್ಲ, ಆ್ಯಪ್ ಇಲ್ಲ, ಇರುವುದು ಸ್ಪ್ರಿಂಗ್ ಮಾತ್ರ. ರಿಲೇ ಬಿಡಲು ತಗಲುವುದು ಸೆಕೆಂಡಿನ ನೂರರಲ್ಲೊಂದೆರಡು ಭಾಗ.

ಕಾಯಿಲ್ಲಿನ ವೈರನ್ನು ಎಲ್ಲಿಂದ ತೆಗೆಯುತ್ತೀರಿ ಎಂಬುದರಲ್ಲಿ ಅರ್ಧ ಜನ ತಪ್ಪುತ್ತಾರೆ. ಮೇನ್ ಸ್ವಿಚ್ಚಿನಿಂದ ತೆಗೆದರೆ ಊರಿನ ಕರೆಂಟು ಹೋದಾಗ ಮಾತ್ರ ಗೊತ್ತಾಗುತ್ತದೆ. ಅಟ್ಟದ ದೀಪದ ಎಂಸಿಬಿ (ಫ್ಯೂಸಿನ ಬದಲು ಇರುವ, ತಾನೇ ಇಳಿಯುವ ಸ್ವಿಚ್ಚು) ಒಂದೇ ಟ್ರಿಪ್ ಆದರೆ? ಮೇನ್‌ನಲ್ಲಿ ಕರೆಂಟು ಇದೆ, ರಿಲೇ ಆರಾಮವಾಗಿದೆ, ಅಟ್ಟದಲ್ಲಿ ಮಾತ್ರ ಕಗ್ಗತ್ತಲೆ. ಎಲ್‌ಇಡಿ ಹೈಬೇಗಳು ಹೊತ್ತುವ ಕ್ಷಣದಲ್ಲಿ ಜೋರಾಗಿ ಕರೆಂಟು ಎಳೆಯುವುದರಿಂದ ಎಂಸಿಬಿ ಹಾರುವುದು ಅಪರೂಪವೇನಲ್ಲ. ಆದ್ದರಿಂದ ಕಾಯಿಲ್ಲಿನ ವೈರು ದೀಪದ ಎಂಸಿಬಿಯ *ನಂತರ*, ಗೋಡೆಯ ಸ್ವಿಚ್ಚಿಗಿಂತ *ಮೊದಲು* ಹೊರಡಬೇಕು. ಸ್ವಿಚ್ಚಿನ ನಂತರ ತೆಗೆದಿರೋ, ಬೆಳಿಗ್ಗೆ ದೀಪ ಆರಿಸಿದ ಕೂಡಲೇ ತುರ್ತು ದೀಪ ಹೊತ್ತಿ ಕುಳಿತುಕೊಳ್ಳುತ್ತದೆ.

ಸಿಗ್ನಲ್ ಸಿಗದವ (ಶನಿವಾರ, ಸಂಜೆ 5:15)

ಒಪ್ಪಿದೆ, ನಾನು ಉಲ್ಟಾ ಹಿಡಿದಿದ್ದೆ. ಆದರೆ ಇದರಲ್ಲೂ ಒಂದು ತೂತಿದೆ. ಪತ್ರಿಕೆಯಲ್ಲಿ "ಭಾನುವಾರ ಬೆಳಿಗ್ಗೆ 10ರಿಂದ ಸಂಜೆ 5ರವರೆಗೆ ವಿದ್ಯುತ್ ವ್ಯತ್ಯಯ" ಎಂದು ಬರುತ್ತದೆಯಲ್ಲ? ಆ ದಿನ ಹಗಲು ಗಿರಣಿಗೆ ಬೀಗ. ಯಾರೂ ಇಲ್ಲದ ಗಿರಣಿಯಲ್ಲಿ ಆರು ದೀಪ ಹಗಲಿಡೀ ಉರಿದು ಬ್ಯಾಟರಿ ಬರಿದಾಗುತ್ತದೆ. ಐದಕ್ಕೆ ಕರೆಂಟು ಬಂದು, ಆರೂವರೆಗೆ ಮಳೆಗೆ ಮತ್ತೆ ಹೋದರೆ, ಸಂಜೆ ಪಾಳಿಗೆ ಬಂದವರಿಗೆ ದೀಪವೇ ಇಲ್ಲ. ಸೀಲ್ಡ್ ಬ್ಯಾಟರಿ ತುಂಬಲು ಹತ್ತು ಗಂಟೆಯಾದರೂ ಬೇಕು.

ಹಳೇ ಫೋರ್‌ಮನ್ (ಶನಿವಾರ, ಸಂಜೆ 5:38)

ಈಗ ಸರಿಯಾದ ಪ್ರಶ್ನೆ ಕೇಳಿದೆ. ರಿಮೋಟಿಗೆ ಕೆಲಸ ಸಿಕ್ಕಿದ್ದು ಇಲ್ಲಿ. ತುರ್ತು ದೀಪದವರ ಭಾಷೆಯಲ್ಲಿ ಇದಕ್ಕೆ ರೆಸ್ಟ್ ಎನ್ನುತ್ತಾರೆ: ಕರೆಂಟಿಲ್ಲದಿದ್ದರೂ ದೀಪವನ್ನು ಬೇಕೆಂದೇ ಮಲಗಿಸುವುದು. ಮೈಸೂರಿನಿಂದ ನೀವು ಮಾಡಬೇಕಾದ್ದು ಅದು.

ಕೂರ್ಗಳ್ಳಿ ಪ್ಯಾನಲ್ (ಶನಿವಾರ, ಸಂಜೆ 6:10)

ಹಾಗಿದ್ದರೆ ನಾಲ್ಕನೆಯ ರಿಲೇ. ಅದರ ಎನ್‌ಸಿಯನ್ನು ದೀಪದ ದಾರಿಯಲ್ಲಿ ಸೀರೀಸ್ ಹಾಕಿ. ಬೋರ್ಡ್ ಆ ರಿಲೇಯನ್ನು ಎಳೆದರೆ ದೀಪ ಆರುತ್ತದೆ, ಬೋರ್ಡ್ ಸತ್ತರೆ ರಿಲೇ ಬಿಡುತ್ತದೆ, ದೀಪ ಹೊತ್ತುತ್ತದೆ. ಕಾಯಿಲ್ ತಿನ್ನುವುದು ಹೆಚ್ಚೆಂದರೆ ಒಂದು ವ್ಯಾಟ್, ಏಳು ಗಂಟೆಗೆ ಏಳು ವ್ಯಾಟ್-ಅವರ್. ಇನ್ನೊಂದು ಮಾತು: ಕರೆಂಟು ವಾಪಸು ಬಂದ ಕೂಡಲೇ ರೆಸ್ಟ್ ತಾನಾಗಿಯೇ ರದ್ದಾಗಬೇಕು. ಇಲ್ಲದಿದ್ದರೆ ಭಾನುವಾರ ಮಲಗಿಸಿದ ದೀಪ ಸೋಮವಾರ ಸಂಜೆಯೂ ಮಲಗಿಯೇ ಇರುತ್ತದೆ.

ಭತ್ತದ ಮನೆ (ಶನಿವಾರ, ರಾತ್ರಿ 9:25)

ಎಲ್ಲವನ್ನೂ ಮಾವನವರಿಗೆ ಓದಿ ಹೇಳಿದೆ. ಅವರು ಒಂದೇ ಮಾತು ಕೇಳಿದರು: "ಯಾರೂ ಇಲ್ಲ ಎಂದು ಮೈಸೂರಿನಲ್ಲಿ ಕುಳಿತವಳಿಗೆ ಹೇಗೆ ಗೊತ್ತಾಗುತ್ತದೆ?"

ನಿಜ. ಭಾನುವಾರ ಬೀಗ ಹಾಕಿರುತ್ತದೆ ಎಂದು ನಾವು ಅಂದುಕೊಂಡಿರುತ್ತೇವೆ. ಬಾಯ್ಲರಿನ ಬೂದಿ ತೆಗೆಯುವವರು ಅದೇ ದಿನ ಬರುತ್ತಾರೆ. ಕುಲುಮೆ ತಣ್ಣಗಿರಬೇಕಲ್ಲ. ಬೂದಿಯ ಗುಂಡಿಗೆ ಹಗಲಿನಲ್ಲೂ ಬೆಳಕು ಬೀಳುವುದಿಲ್ಲ. ಅವರು ಒಳಗಿರುವಾಗ ನಾನು ಇಲ್ಲಿಂದ ದೀಪ ಆರಿಸಿದರೆ?

ಹಳೇ ಫೋರ್‌ಮನ್ (ಶನಿವಾರ, ರಾತ್ರಿ 10:00)

ನಿಮ್ಮ ಮಾವನವರಿಗೆ ನನ್ನ ನಮಸ್ಕಾರ. ಮೂವತ್ತು ವರ್ಷದ ಅನುಭವವಿದೆ ಎಂದುಕೊಂಡ ನನಗೂ ಅದು ಹೊಳೆದಿರಲಿಲ್ಲ.

ಗೇಟಿನ ಕಾವಲುಗಾರನ ಕೊಠಡಿಯಲ್ಲಿ ಒಂದು ಕೀಲಿ ಸ್ವಿಚ್ಚು ಹಾಕಿಸಿ. ಎರಡೇ ಸ್ಥಾನ: "ಜನ ಇದ್ದಾರೆ", "ಯಾರೂ ಇಲ್ಲ". ನಾಲ್ಕನೆಯ ರಿಲೇಯ ಕಾಯಿಲ್ಲಿಗೆ ಹೋಗುವ ವೈರು ಈ ಸ್ವಿಚ್ಚನ್ನು ದಾಟಿ ಹೋಗಲಿ. ಕಾವಲುಗಾರ ಒಳಗೆಲ್ಲ ಸುತ್ತಿ ಬಂದು ಕೀಲಿ ತಿರುಗಿಸದೆ ಇದ್ದರೆ ನೀವು ಮೊಬೈಲಿನಲ್ಲಿ ನೂರು ಸಲ ಒತ್ತಿದರೂ ದೀಪ ಆರಬಾರದು. ಆರಿಸಲು ಇಬ್ಬರ ಒಪ್ಪಿಗೆ ಬೇಕು, ಹೊತ್ತಿಸಲು ಒಬ್ಬನೇ ಸಾಕು: ಅವನು ಕೀಲಿ ವಾಪಸು ತಿರುಗಿಸಿದ ಕ್ಷಣ ಬೆಳಕು. ಇದನ್ನು ಪ್ರೋಗ್ರಾಮಿನಲ್ಲಿ ಬರೆಯಬೇಡ ತಮ್ಮಾ, ತಾಮ್ರದ ವೈರಿನಲ್ಲೇ ಬರೆ.

ಸಿಗ್ನಲ್ ಸಿಗದವ (ಶನಿವಾರ, ರಾತ್ರಿ 10:08)

ಬರೆದುಕೊಂಡೆ ಸರ್.

ಕೂರ್ಗಳ್ಳಿ ಪ್ಯಾನಲ್ (ಭಾನುವಾರ, ಬೆಳಿಗ್ಗೆ 11:00)

ಒಂದು ವಿಷಯ ಈಗಲೇ ಹೇಳಿಬಿಡುತ್ತೇನೆ, ಆಮೇಲೆ ದೀಪ ಮಂಕು ಎಂದು ಬೈಯಬೇಡಿ. 24 ವೋಲ್ಟ್ ಎಂದರೆ ವೈರಿನಲ್ಲಿ ಕಳೆದುಹೋಗುವುದು ಬಹಳ. ಆರು ದೀಪವೂ ಒಂದೇ ಕೇಬಲ್ಲಿನ ತುದಿಯಲ್ಲಿ, 60 ಮೀಟರ್ ದೂರದಲ್ಲಿವೆ ಎಂದುಕೊಳ್ಳಿ. 5 ಆಂಪಿಯರ್ ಹರಿಯುತ್ತದೆ. 2.5 ಚದರ ಮಿಲಿಮೀಟರ್ ತಾಮ್ರದಲ್ಲಿ ಹೋಗಿ ಬರುವ 120 ಮೀಟರಿಗೆ ಸುಮಾರು 4.4 ವೋಲ್ಟ್ ದಾರಿಯಲ್ಲೇ ಖರ್ಚು. ದೀಪಕ್ಕೆ ತಲುಪುವುದು 20ಕ್ಕಿಂತ ಕಡಿಮೆ. ಎಷ್ಟೋ ಡ್ರೈವರುಗಳು ಅಲ್ಲಿಗೆ ಕೈಚೆಲ್ಲುತ್ತವೆ. ಅದೇ ಒಂದೊಂದು ದೀಪಕ್ಕೆ ಬೇರೆ ಬೇರೆ ಕೇಬಲ್ ಎಳೆದರೆ ನಷ್ಟ ಮುಕ್ಕಾಲು ವೋಲ್ಟ್ ಮಾತ್ರ.

48 ವೋಲ್ಟಿಗೆ ಹೋಗೋಣ ಎಂದರೆ ರಿಲೇ ಬಿಡುವುದಿಲ್ಲ. ಸಾಮಾನ್ಯ ರಿಲೇಯ ಮೈಮೇಲೆ 10 ಆಂಪಿಯರ್ 250 ವೋಲ್ಟ್ ಎಂದಿರುವುದು ಎಸಿಗೆ. ಡಿಸಿಯಲ್ಲಿ ಅದೇ ರಿಲೇಗೆ 30 ವೋಲ್ಟಿನವರೆಗೆ ಮಾತ್ರ ಆ ತಾಕತ್ತು. ಎಸಿಯಲ್ಲಿ ಕಿಡಿ ಸೆಕೆಂಡಿಗೆ ನೂರು ಸಲ ತಾನಾಗಿ ಆರುತ್ತದೆ; ಡಿಸಿ ಕಿಡಿ ಹಿಡಿದರೆ ಬಿಡದು, ಕಾಂಟ್ಯಾಕ್ಟನ್ನೇ ಬೆಸೆದುಬಿಡುತ್ತದೆ. ಹಾಗಾಗಿ 24ರಲ್ಲೇ ಇರೋಣ. ಬ್ಯಾಟರಿ ಪೆಟ್ಟಿಗೆಯನ್ನು ಗಿರಣಿಯ ಮಧ್ಯಕ್ಕೆ, ಪ್ಯಾನಲ್ ಬೋರ್ಡಿನ ಪಕ್ಕಕ್ಕೆ ತನ್ನಿ. ಗೋದಾಮು ಮತ್ತು ಗೇಟು ದೂರ, ಅಲ್ಲಿಗೆ ಒಳಗೇ ಬ್ಯಾಟರಿ ಇರುವ ಎರಡು ತಲೆಯ ದೀಪ ಒಂದೊಂದು ಸಾಕು. ಬೆಂಕಿಗೆ ಮುಖ್ಯ ಕೇಬಲ್ ಸುಟ್ಟರೂ ಅವು ಉಳಿದುಕೊಳ್ಳುತ್ತವೆ.

ತೂಬಿನಕೆರೆ ಶೆಡ್ (ಭಾನುವಾರ, ಮಧ್ಯಾಹ್ನ 12:30)

ವೈರ್ ಕತ್ತರಿಸಿದೆ. ಮನೆಯಲ್ಲೂ ಬೈಸಿಕೊಂಡೆ.

ಎಲ್ಲರೂ ರಿಲೇ, ಆ್ಯಪ್ ಎನ್ನುತ್ತಿದ್ದೀರಿ, ಇಲಿಯ ವಿಷಯ ಯಾರೂ ಎತ್ತಲಿಲ್ಲ. ಅದು ಅಕ್ಕಿ ಗಿರಣಿ ಸ್ವಾಮಿ! ಪಿವಿಸಿ ಪೈಪಿನಲ್ಲಿ ವೈರ್ ಎಳೆದರೆ ಹೆಗ್ಗಣ ಒಂದೇ ತಿಂಗಳಲ್ಲಿ ಕಡಿದು ತೋರಿಸುತ್ತದೆ. ಮಾಮೂಲಿ ದೀಪದ ವೈರ್ ಕಡಿದರೆ ಅವತ್ತೇ ಗೊತ್ತಾಗುತ್ತದೆ. ತುರ್ತು ದೀಪದ್ದು ಕಡಿದರೆ ಕರೆಂಟು ಹೋದ ದಿನ ಗೊತ್ತಾಗುತ್ತದೆ. ಜಿಐ (ಸತು ಲೇಪಿಸಿದ ಕಬ್ಬಿಣ) ಪೈಪ್ ಹಾಕಿಸಿ, ತುದಿಗಳನ್ನು ಮುಚ್ಚಿಸಿ. ಇನ್ನೊಂದು, ತೌಡಿನ ಧೂಳು ಎಲ್ಲದರ ಮೇಲೂ ಕೂರುತ್ತದೆ. ಧೂಳು, ನೀರು ಒಳಗೆ ಹೋಗದ ಐಪಿ 65 ದೀಪ ತೆಗೆದುಕೊಳ್ಳಿ, ತಿಂಗಳಿಗೊಮ್ಮೆ ಒರೆಸಿಸಿ.

ಬೆಳಕಿನ ಲೆಕ್ಕ (ಭಾನುವಾರ, ಮಧ್ಯಾಹ್ನ 12:58)

ಶೆಡ್ ಅಣ್ಣ ಹೇಳಿದ್ದು ಈ ಚರ್ಚೆಯಲ್ಲೇ ಬಹಳ ಬೆಲೆಯುಳ್ಳ ಮಾತು. ಬಿಸಿಯದೂ ಅದೇ ಕತೆ. ಸೀಲ್ಡ್ ಬ್ಯಾಟರಿಯ ಆಯುಷ್ಯ ಬರೆಯುವುದು 25 ಡಿಗ್ರಿಗೆ. ಅಲ್ಲಿಂದ ಪ್ರತಿ 10 ಡಿಗ್ರಿ ಏರಿದಂತೆ ಆಯುಷ್ಯ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಏಪ್ರಿಲ್ ತಿಂಗಳ ತಗಡಿನ ಕೆಳಗೆ, ಅದೂ ಬಾಯ್ಲರ್ ಬದಿಯ ಗೋಡೆಗೆ ಬ್ಯಾಟರಿ ಇಡಬೇಡಿ. ನೆಲಮಟ್ಟದಲ್ಲಿ, ಬಿಸಿಲು ಬೀಳದ ಗೋಡೆಗೆ, ಗಾಳಿಯಾಡುವ ಪೆಟ್ಟಿಗೆಯಲ್ಲಿ ಇಡಿ.

ಸಿಗ್ನಲ್ ಸಿಗದವ (ಭಾನುವಾರ, ಮಧ್ಯಾಹ್ನ 3:30)

ಸಂಪರ್ಕದ ಬಗ್ಗೆ. ಗಿರಣಿಯ ವೈಫೈ ನಂಬಿದರೆ ಕರೆಂಟು ಹೋದ ಕ್ಷಣ ರೂಟರ್ ಆರುತ್ತದೆ, ಅದಕ್ಕೂ ಪುಟ್ಟ ಬ್ಯಾಟರಿ ಬೇಕು. ಸಿಮ್ ಹಾಕಿದ ಮಾಡ್ಯೂಲ್ ವಾಸಿ, ಆದರೆ ರೀಚಾರ್ಜ್ ಮುಗಿದ ಸಿಮ್ ಮುಗಿದೆನೆಂದು ಯಾರಿಗೂ ಹೇಳುವುದಿಲ್ಲ. ನಮ್ಮ ಚಿಕ್ಕಪ್ಪನ ತೋಟದ ಪಂಪು ಹೀಗೇ ನಾಲ್ಕು ದಿನ ಮೂಕವಾಗಿತ್ತು. ಅದಕ್ಕೆ ಉಪಾಯ: ಬೋರ್ಡ್ ದಿನಾ ಬೆಳಿಗ್ಗೆ ಎಂಟಕ್ಕೆ "ಇದ್ದೇನೆ, ಬ್ಯಾಟರಿ 27.2" ಎಂದು ಒಂದು ಸಂದೇಶ ಕಳುಹಿಸಲಿ. ಬಾರದಿದ್ದ ದಿನ ಏನೋ ಕೆಟ್ಟಿದೆ ಎಂದರ್ಥ.

ಗಿರಣಿಯಿಂದ ಗೋದಾಮಿಗೆ, ಗೇಟಿಗೆ ಲೋರಾ (ಕಡಿಮೆ ಕರೆಂಟಿನಲ್ಲಿ ದೂರ ಹೋಗುವ ರೇಡಿಯೊ) ಹಾಕಬಹುದು. 865ರಿಂದ 868 ಮೆಗಾಹರ್ಟ್ಸ್ ನಮ್ಮಲ್ಲಿ ಪರವಾನಗಿ ಇಲ್ಲದೆ ಬಳಸಬಹುದಾದ ಪಟ್ಟಿ. ಗೋಡೆ, ಭತ್ತದ ರಾಶಿ ದಾಟಿ ಹೋಗುತ್ತದೆ. ಆದರೆ ಕಾವಲುಗಾರನ ಕೀಲಿಗೆ ಮಾತ್ರ ವೈರೇ.

ಕೂರ್ಗಳ್ಳಿ ಪ್ಯಾನಲ್ (ಭಾನುವಾರ, ಮಧ್ಯಾಹ್ನ 3:52)

ಆ ಬೋರ್ಡಿನಿಂದ ಯಾವ ಮೋಟರಿನ ಸ್ಟಾರ್ಟರಿಗೂ ವೈರ್ ಹೋಗಬಾರದು, ಜನರೇಟರ್ ಲೋಡಿಗೂ ಬೇಡ. ದೂರದಿಂದ ಎಲಿವೇಟರ್ ಚಾಲೂ ಆಗುವಂತಿದ್ದರೆ ಆ ಬೆಲ್ಟಿಗೆ ಕೈ ಹಾಕಿದವನ ಗತಿ ಏನು? ಎಎಂಎಫ್ ಅನ್ನು ಆಟೊಗೆ ತನ್ನಿ. ಅದನ್ನು ಮ್ಯಾನುಯಲ್‌ನಲ್ಲಿ ಇಟ್ಟಿರುವುದಕ್ಕೆ ಸ್ಟಾರ್ಟ್ ಬ್ಯಾಟರಿ ಸತ್ತಿರುವುದೇ ಕಾರಣ ಎಂದು ನನ್ನ ಊಹೆ.

ಬೆಳಕಿನ ಲೆಕ್ಕ (ಭಾನುವಾರ, ಸಂಜೆ 4:20)

ರಿಮೋಟಿನ ಇನ್ನೊಂದು ಕೆಲಸ ಪರೀಕ್ಷೆ. ತಿಂಗಳಿಗೊಮ್ಮೆ ಒಂದು ನಿಮಿಷ ಹೊತ್ತಿಸಿ ಆರೂ ಉರಿದವೇ ನೋಡುವುದು, ವರ್ಷಕ್ಕೊಮ್ಮೆ ಪೂರ್ತಿ ಒಂದೂವರೆ ಗಂಟೆ ಉರಿಸುವುದು. ಕರೆಂಟಿನ ಅಳತೆ ಬೋರ್ಡಿಗೆ ಬಂದರೆ ಯಾವುದೋ ಒಂದು ದೀಪ ಉರಿಯದಿದ್ದರೂ ಮೈಸೂರಿನಲ್ಲೇ ತಿಳಿಯುತ್ತದೆ: 5 ಆಂಪಿಯರ್ ಇರಬೇಕಾದಲ್ಲಿ 4.2 ತೋರಿಸುತ್ತದೆ. ವರ್ಷದ ಪರೀಕ್ಷೆಯನ್ನು ಗಿರಣಿ ಮರುದಿನವೂ ಮುಚ್ಚಿರುವಾಗ ಮಾಡಿ, ಬ್ಯಾಟರಿ ಮತ್ತೆ ತುಂಬಲು ಹೊತ್ತು ಸಿಗುತ್ತದೆ.

ಭತ್ತದ ಮನೆ (ಐದು ವಾರದ ನಂತರ, ಸೋಮವಾರ, ರಾತ್ರಿ 8:30)

ಮುಗಿಯಿತು. ಕೂರ್ಗಳ್ಳಿಯವರು ಎರಡು ಸಲ ಬಂದು ಪ್ಯಾನಲ್ ಕೂರಿಸಿಕೊಟ್ಟರು, ಸಿಗ್ನಲ್ ತಮ್ಮ ಬೋರ್ಡ್ ಮಾಡಿಕೊಟ್ಟ. ಎಎಂಎಫ್ ಊಹೆ ನಿಜವಾಯಿತು: ಸ್ಟಾರ್ಟ್ ಬ್ಯಾಟರಿ ಬದಲಾಯಿಸಿ ಆಟೊಗೆ ಹಾಕಿದೆವು, ಈಗ ಹನ್ನೆರಡು ಸೆಕೆಂಡಿಗೆ ಜನರೇಟರ್ ಏಳುತ್ತದೆ. ಒಟ್ಟು ಖರ್ಚು ಅಂಗಡಿಯವರ ಪಟ್ಟಿಯ ಮೂರನೇ ಒಂದು ಭಾಗವೂ ಆಗಲಿಲ್ಲ.

ನಿನ್ನೆ ಸಂಜೆ ಏಳಕ್ಕೆ ಎಲ್ಲರನ್ನೂ ಅವರವರ ಜಾಗದಲ್ಲಿ ನಿಲ್ಲಿಸಿ ಪರೀಕ್ಷೆ ಮಾಡಿದೆವು. ಜನರೇಟರ್ ಬೇಕೆಂದೇ ಆಫ್ ಇಟ್ಟು ದೀಪದ ಎಂಸಿಬಿಗಳನ್ನು ಒಂದೊಂದಾಗಿ ಇಳಿಸಿದೆ. ಮೊದಲನೆಯದು ಇಳಿದ ಕೂಡಲೇ ಐದು ದೀಪ ಹೊತ್ತಿದವು. ಆರನೆಯದು, ಅಟ್ಟದ ಮೆಟ್ಟಿಲಿನದು, ಹೊತ್ತಲಿಲ್ಲ. ಮೊಬೈಲಿನಲ್ಲಿ 4.2 ಎಂದೇ ಬಂದಿತ್ತು! ಹೋಗಿ ನೋಡಿದರೆ ಜಿಐ ಪೈಪ್ ಮುಗಿದು ದೀಪಕ್ಕೆ ಹೋಗುವ ಕೊನೆಯ ಅರ್ಧ ಅಡಿಯಲ್ಲಿ ವೈರ್ ಕಡಿದಿತ್ತು. ಹಾಕಿ ಒಂಬತ್ತು ದಿನವಾಗಿತ್ತಷ್ಟೇ. ತೂಬಿನಕೆರೆ ಅಣ್ಣ, ನಿಮ್ಮ ಮಾತು ನಿಜ.

ಅದನ್ನು ಸರಿಮಾಡಿ ಒಂದೂವರೆ ಗಂಟೆ ಉರಿಸಿದೆವು. ಕೊನೆಗೆ ಬ್ಯಾಟರಿ 24.3 ವೋಲ್ಟಿನಲ್ಲಿತ್ತು. ನಡುವೆ ಮೊಬೈಲಿನಲ್ಲಿ ಆರಿಸಲು ನೋಡಿದೆ, ಆರಲಿಲ್ಲ. ಕಾವಲುಗಾರರು ಕೀಲಿ ತಿರುಗಿಸಿರಲಿಲ್ಲ. "ನೀವೆಲ್ಲ ಒಳಗೇ ಇದ್ದೀರಲ್ಲಮ್ಮ, ಹೇಗೆ ತಿರುಗಿಸಲಿ?" ಎಂದರು.

ಬಾಯ್ಲರ್ ನೋಡುವ ಹಿರಿಯರು ಮಾತ್ರ ದೂರು ಹೇಳಿದ್ದಾರೆ. ದೀಪ ಗಾಜಿನ ಎದುರಿಗೇ ಇರುವುದರಿಂದ ಬೆಳಕು ಗಾಜಿಗೆ ಹೊಡೆದು ಕಣ್ಣಿಗೆ ಕುಕ್ಕುತ್ತದಂತೆ.

ಹಳೇ ಫೋರ್‌ಮನ್ (ಸೋಮವಾರ, ರಾತ್ರಿ 9:05)

ಅವರು ಹೇಳಿದ್ದೇ ಸರಿ. ದೀಪವನ್ನು ಗಾಜಿನ ಹಿಂಬದಿಗೆ, ಒಂದು ಗೇಣು ಪಕ್ಕಕ್ಕೆ ಸರಿಸಿ. ನೀರಿನ ಗೆರೆ ಆಗ ಎದ್ದು ಕಾಣುತ್ತದೆ. ನಮ್ಮ ಲಾಟೀನಿನ ಮೊಳೆಯೂ ಅಲ್ಲೇ ಇತ್ತು. ಬ್ಯಾಟರಿಯ ಮೇಲೆ ಹಾಕಿದ ತಾರೀಖನ್ನು ಬಣ್ಣದಲ್ಲಿ ಬರೆಸಿ. ಕಾವಲುಗಾರರ ಕೀಲಿಗೆ ಇನ್ನೊಂದು ಪ್ರತಿ ಮಾಡಿಸಬೇಡಿ.